ಕಿವಿಗೆ ಒಂದೇ, ಹಾಳೆ ಮೇಲೆ ಬೇರೆ ಬೇರೆ: ಒಂದೇ ಥರ ಕೇಳಿಸೋ ಇಂಗ್ಲಿಷ್ ಪದಗಳನ್ನ ಬೇರ್ಪಡಿಸ್ಕೊಳ್ಳೋದು ಹೇಗೆ

ಮೊನ್ನೆ ನನ್ನ ಹತ್ರ ಇಂಗ್ಲಿಷ್ ಕಲಿಯೋಕೆ ಬರೋ ಒಬ್ಬ ಹುಡುಗಿ ತನ್ನ ಆಫೀಸಿನ ಮೇಲ್ ಒಂದನ್ನ ತೋರಿಸಿದ್ಲು. ಕೆಲಸ ಎರಡು ದಿನ ತಡ ಆಗುತ್ತೆ, ಸ್ವಲ್ಪ ಸಹಿಸ್ಕೊಳ್ಳಿ ಅಂತ ಹೇಳೋಕೆ 'ಪ್ಲೀಸ್ ಬೇರ್ ವಿತ್ ಮಿ' ಅಂತ ಬರ್ದಿದ್ಲು. ವಾಕ್ಯ ಸರಿ ಇದೆ, ಮರ್ಯಾದೆ ಸರಿ ಇದೆ, ಆದ್ರೆ ಆ ಬೇರ್ ಅನ್ನೋದನ್ನ ಬಿ-ಎ-ಆರ್-ಇ ಅಂತ ಹಾಕಿದ್ಲು. ಆ ಸ್ಪೆಲಿಂಗಿಗೆ ಬರಿದು, ಹೊದಿಕೆ ಇಲ್ಲದ್ದು ಅಂತ ಅರ್ಥ, ಕ್ರಿಯಾಪದವಾಗಿ ಬಂದ್ರೆ ಹೊದಿಕೆ ತೆಗಿ, ಬಯಲು ಮಾಡು ಅಂತ. ಅವಳಿಗೆ ಬೇಕಾಗಿದ್ದು ಬಿ-ಇ-ಎ-ಆರ್, ಹೊರು, ತಾಳ್ಕೊ ಅನ್ನೋದು. "ಸರ್, ಕಂಪ್ಯೂಟರ್ ಕೆಂಪು ಗೆರೆ ಹಾಕ್ಲೇ ಇಲ್ಲ ನೋಡಿ" ಅಂದ್ಲು. ಹೌದು, ಸ್ಪೆಲಿಂಗ್ ಮಾತ್ರ ನೋಡೋ ಸಾಫ್ಟ್‌ವೇರ್ ಹಾಕಲ್ಲ, ಯಾಕಂದ್ರೆ ಎರಡೂ ನಿಜವಾದ ಪದಗಳೇ, ಎರಡೂ ಡಿಕ್ಷನರಿಲಿ ಇವೆ.

ಇಂಥ ಪದಗಳಿಗೆ ಹೋಮೋಫೋನ್ ಅಂತಾರೆ, ಗ್ರೀಕ್ ಭಾಷೇಲಿ ಹೋಮೋಸ್ ಅಂದ್ರೆ ಒಂದೇ, ಫೋನೆ ಅಂದ್ರೆ ಸದ್ದು. ಸಾಮಾನ್ಯವಾಗಿ ಇದನ್ನ ಕಲಿಸೋ ರೀತಿ ಏನಂದ್ರೆ ನೂರು ಜೋಡಿಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನೋದು. ನಾನೂ ಮೊದಮೊದಲು ಹಾಗೇ ಕಲಿಸ್ತಿದ್ದೆ, ಆದ್ರೆ ವರ್ಷಗಟ್ಟಲೆ ನೋಡಿದ ಮೇಲೆ ಅನ್ನಿಸಿದ್ದು ಇಷ್ಟು: ಜೋಡಿಯಾಗಿ ಕಲಿತದ್ದು ಜೋಡಿಯಾಗೇ ನೆನಪಿಗೆ ಬರುತ್ತೆ, ಬರೆಯೋ ಹೊತ್ತಲ್ಲಿ ಎರಡೂ ಒಟ್ಟಿಗೆ ಬಂದು ನಿಂತ್ಕೊಂಡು ಯಾವುದಕ್ಕೆ ಯಾವ ಅರ್ಥ ಅಂತಾನೇ ಮರ್ತುಹೋಗುತ್ತೆ. ಅದಕ್ಕೆ ಒಂದೊಂದು ಪದಾನೂ ಅದರದ್ದೇ ನೆಂಟರ ಜೊತೆ, ಅದರದ್ದೇ ವಾಕ್ಯದ ಜೊತೆ ಕಲೀಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ, ಕನ್ನಡ ಬಲ್ಲವರಿಗೆ ಈ ಗೊಂದಲ ಬಿಡಿಸೋಕೆ ಕನ್ನಡದಷ್ಟು ಒಳ್ಳೆ ಸಾಧನ ಬೇರೆ ಇಲ್ಲ, ಹೇಗೆ ಅಂತ ಮುಂದೆ ಹೇಳ್ತೀನಿ.

ಶುರು ಮಾಡೋ ಮುಂಚೆ ಒಂದು ಪೆನ್ನು, ಒಂದು ಹಾಳೆ ಪಕ್ಕದಲ್ಲಿ ಇಟ್ಕೊಳ್ಳಿ. ನಾನು ಸ್ಪೆಲಿಂಗನ್ನ ಅಕ್ಷರ ಅಕ್ಷರ ಬಿಡಿಸಿ ಹೇಳ್ತಾ ಹೋಗ್ತೀನಿ, ನೀವು ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಾ ಹೋಗಿ. ಬರೀ ಕಣ್ಣಾಡಿಸಿ ಹೋದ್ರೆ ಇದು ಉಳಿಯಲ್ಲ, ಕೈ ಬರೆದಾಗ್ಲೇ ಉಳಿಯೋದು.

ಹೆಜ್ಜೆ 1: ಮೊದಲು ಎರಡು ಗುಂಪು ಮಾಡಿ

ಒಂದೇ ಥರ ಕೇಳಿಸುತ್ತೆ ಅಂದಾಗ ಯಾರಿಗೆ ಒಂದೇ ಥರ ಅಂತ ಮೊದಲು ಕೇಳ್ಕೋಬೇಕು. ಎನ್-ಓ ಅಂದ್ರೆ ಇಲ್ಲ, ಕೆ-ಎನ್-ಓ-ಡಬ್ಲ್ಯೂ ಅಂದ್ರೆ ಗೊತ್ತು, ಇವೆರಡನ್ನೂ ಇಂಗ್ಲಿಷ್ ಮಾತೃಭಾಷೆಯವರೂ ನೋ ಅಂತಾನೇ ಅನ್ನೋದು, ಎಷ್ಟು ಕಿವಿಗೊಟ್ಟು ಕೇಳಿದ್ರೂ ವ್ಯತ್ಯಾಸ ಸಿಗಲ್ಲ. ಇದು ಮೊದಲನೇ ಗುಂಪು, ಇದಕ್ಕೆ ಮದ್ದು ಕಣ್ಣಲ್ಲಿ ಮತ್ತು ಅರ್ಥದಲ್ಲಿ ಇದೆ. ಆದ್ರೆ ವಿ-ಇ-ಎಸ್-ಟಿ ಮತ್ತು ಡಬ್ಲ್ಯೂ-ಇ-ಎಸ್-ಟಿ, ಅಂದ್ರೆ ತೋಳಿಲ್ಲದ ಒಳಅಂಗಿ ಮತ್ತು ಪಶ್ಚಿಮ ದಿಕ್ಕು, ಇವು ನಮ್ಮ ಬಾಯಲ್ಲಿ ಮಾತ್ರ ಒಂದೇ, ಅವರ ಬಾಯಲ್ಲಿ ಬೇರೆ. ಇದು ಎರಡನೇ ಗುಂಪು, ಇದಕ್ಕೆ ಮದ್ದು ನಾಲಿಗೆ ಮತ್ತು ತುಟೀಲಿದೆ. ಈ ಎರಡನ್ನೂ ಬೆರೆಸಿ ಒಂದೇ ಪಟ್ಟಿ ಮಾಡ್ಕೊಂಡ್ರೆ ಬಾಯಿಂದ ಸರಿಮಾಡಬೇಕಾದ್ದನ್ನ ಬಾಯಿಪಾಠ ಮಾಡ್ತಾ ಕೂರ್ತೀವಿ, ಬಾಯಿಪಾಠ ಮಾಡಬೇಕಾದ್ದನ್ನ ಕೇಳಿ ಕೇಳಿ ಸುಸ್ತಾಗ್ತೀವಿ.

ಯಾವುದು ಯಾವ ಗುಂಪು ಅಂತ ತಿಳಿಯೋಕೆ ಸುಲಭ ದಾರಿ, ಫೋನಲ್ಲಿ ಯಾವುದಾದ್ರೂ ಡಿಕ್ಷನರಿ ತೆಗೆದು ಸ್ಪೀಕರ್ ಗುರುತು ಒತ್ತಿ ಎರಡೂ ಪದ ಒಂದಾದ ಮೇಲೊಂದು ಕೇಳಿ. ಇಲ್ಲಿ ಒಂದು ಎಚ್ಚರಿಕೆ, ಬ್ರಿಟಿಷ್ ಅಮೆರಿಕನ್ ಎರಡೂ ಬೆರೆಸಬೇಡಿ. ದಕ್ಷಿಣ ಇಂಗ್ಲೆಂಡಿನವರ ಮಾತಲ್ಲಿ ಸಿ-ಎ-ಯು-ಜಿ-ಎಚ್-ಟಿ (ಹಿಡಿದ) ಮತ್ತು ಸಿ-ಓ-ಯು-ಆರ್-ಟಿ (ನ್ಯಾಯಾಲಯ) ಎರಡೂ ಒಂದೇ, ಯಾಕಂದ್ರೆ ಅವರು ಆ ಆರ್ ಹೇಳಲ್ಲ. ನಾವು ರ್ ಹೇಳ್ತೀವಿ, ನಮಗೆ ಅವು ಬೇರೆ. ಅಮೆರಿಕನ್ನರ ಬಾಯಲ್ಲಿ ಏಣಿ ಅನ್ನೋ ಲ್ಯಾಡರ್, ಎರಡರಲ್ಲಿ ಕೊನೇದು ಅನ್ನೋ ಲ್ಯಾಟರ್ ಬಹುತೇಕ ಒಂದೇ ಆಗಿಬಿಡುತ್ತೆ. ಅಂದ್ರೆ ಹೋಮೋಫೋನ್ ಪಟ್ಟಿ ಅನ್ನೋದು ಮಾತಾಡೋರ ಮೇಲೆ ಬದಲಾಗುತ್ತೆ, ಅದಕ್ಕೇ ಯಾರೋ ಮಾಡಿದ ಪಟ್ಟಿಗಿಂತ ನೀವೇ ಮಾಡ್ಕೊಂಡದ್ದು ಒಳ್ಳೇದು.

ಈ ಗೋಜಲು ಎಲ್ಲಿಂದ ಬಂತು

ಇದು ಹೆಜ್ಜೆ ಅಲ್ಲ, ಆದ್ರೂ ಇದನ್ನ ತಿಳ್ಕೊಂಡ್ರೆ ಸ್ಪೆಲಿಂಗ್ ಮೇಲಿನ ಸಿಟ್ಟು ಕಮ್ಮಿ ಆಗುತ್ತೆ, ಅದಕ್ಕೆ ಹೇಳ್ತಿದೀನಿ. ಇಂಗ್ಲಿಷ್ ಸ್ಪೆಲಿಂಗ್ ಅನ್ನೋದು ಬಹಳಷ್ಟು ಕಡೆ ಹಳೇ ಉಚ್ಚಾರಣೆಯ ಗುರುತು. ಕೆ-ಎನ್-ಐ-ಜಿ-ಎಚ್-ಟಿ ಅನ್ನೋ ನೈಟ್, ಕುದುರೆ ಮೇಲಿನ ಯೋಧ, ಅದರಲ್ಲಿರೋ ಕೆ ಒಂದು ಕಾಲದಲ್ಲಿ ನಿಜವಾಗ್ಲೂ ಕ್ ಅಂತ ಬಾಯಿಗೆ ಬರ್ತಿತ್ತು, ಜಿ-ಎಚ್‌ಗೂ ಗಂಟಲಿಂದ ಬರೋ ಒಂದು ಸದ್ದಿತ್ತು. ರೈಟ್ ಅಂದ್ರೆ ಬರೆಯೋದು ಅನ್ನೋ ಪದದ ಮೊದಲಲ್ಲಿರೋ ಡಬ್ಲ್ಯೂ ಕೂಡ ಹಾಗೇ, ಹೇಳ್ತಿದ್ರು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಲ್ಲಿ ಮೊದಲ ಅಚ್ಚುಕೂಟ ಶುರುಮಾಡಿದ್ದು 1476ರಲ್ಲಿ, ಆಮೇಲೆ ಅಚ್ಚಾದ ಪುಸ್ತಕಗಳು ಹೆಚ್ಚಾಗ್ತಾ ನಿಧಾನಕ್ಕೆ ಸ್ಪೆಲಿಂಗ್ ಗಟ್ಟಿಯಾಗ್ತಾ ಬಂತು. ಆದ್ರೆ ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೇ ಜಾಗ ಬದಲಿಸಿದ್ವು, ಹಾಳೆ ಮೇಲಿನ ಅಕ್ಷರ ಅಲ್ಲೇ ಉಳೀತು, ಬಾಯಿ ಮುಂದೆ ಹೋಯ್ತು.

ಎಂ-ಇ-ಇ-ಟಿ (ಭೇಟಿಯಾಗು) ಮತ್ತು ಎಂ-ಇ-ಎ-ಟಿ (ಮಾಂಸ) ಇವು ಮೊದಲು ಬೇರೆ ಬೇರೆ ಥರ ಕೇಳಿಸ್ತಿದ್ವು, ಆಮೇಲೆ ಎರಡೂ ಮೀಟ್ ಅನ್ನೋದ್ರಲ್ಲಿ ಬಂದು ಸೇರಿದ್ವು. ಇ-ಎ ಇರೋ ಕೆಲವೇ ಕೆಲವು ಪದ ಹಾಗೆ ಮುಂದೆ ಹೋಗ್ಲಿಲ್ಲ: ಗ್ರೇಟ್, ಬ್ರೇಕ್. ಅದಕ್ಕೇ ಮುರಿ ಅನ್ನೋ ಬ್ರೇಕ್ ಬಿ-ಆರ್-ಇ-ಎ-ಕೆ, ಗಾಡಿ ನಿಲ್ಲಿಸೋ ಬ್ರೇಕ್ ಬಿ-ಆರ್-ಎ-ಕೆ-ಇ, ಎರಡೂ ಇವತ್ತು ಕಿವಿಗೆ ಒಂದೇ. ಬೆಳಗಿನ ತಿಂಡಿಗೆ ಬ್ರೇಕ್‌ಫಾಸ್ಟ್ ಅಂತೀವಲ್ಲ, ಅದು ಉಪವಾಸ ಮುರಿಯೋದು, ಅಲ್ಲಿ ಬರೋದು ಬ್ರೆಕ್ ಅಂತ, ಆದ್ರೆ ಸ್ಪೆಲಿಂಗ್ ಇ-ಎ-ಕೆ ಹಾಗೇ ಇದೆ, ಇದನ್ನ ಹಿಡ್ಕೊಂಡ್ರೆ ಮುರಿಯೋ ಬ್ರೇಕ್ ಯಾವತ್ತೂ ತಪ್ಪಲ್ಲ.

ಹೆಜ್ಜೆ 2: ಚಿಕ್ಕ ಪದಗಳಿಗೆ ಕನ್ನಡದ ವಿಭಕ್ತಿ ಹಚ್ಚಿ ನೋಡಿ

ದೊಡ್ಡ ದೊಡ್ಡ ಪದಗಳಿಗಿಂತ ಜನ ಜಾಸ್ತಿ ತಪ್ಪೋದು ದಿನಾ ಬಳಸೋ ಪುಟ್ಟ ಪದಗಳಲ್ಲಿ. ದೇರ್ ಅನ್ನೋದಕ್ಕೆ ಮೂರು ಸ್ಪೆಲಿಂಗ್, ಇಟ್ಸ್ ಅನ್ನೋದಕ್ಕೆ ಎರಡು, ಯುವರ್ ಅನ್ನೋದಕ್ಕೆ ಎರಡು, ಹೂಸ್ ಅನ್ನೋದಕ್ಕೆ ಎರಡು. ಇಂಗ್ಲಿಷಲ್ಲಿ ಯೋಚನೆ ಮಾಡಿದ್ರೆ ಇವು ಒಂದರ ಮೇಲೊಂದು ಬೀಳ್ತವೆ, ಕನ್ನಡದಲ್ಲಿ ಯೋಚಿಸಿದ್ರೆ ಬೀಳೋದೇ ಇಲ್ಲ. ಬರೆಯೋ ಮುಂಚೆ ಆ ಜಾಗದಲ್ಲಿ ಕನ್ನಡದಲ್ಲಿ ಏನು ಬರುತ್ತೆ ಅಂತ ಕೇಳ್ಕೊಳ್ಳಿ.

ಅವರ, ನಿಮ್ಮ, ಅದರ, ಯಾರ. ಇವು ನಾಲ್ಕೂ ಷಷ್ಠಿ ವಿಭಕ್ತಿ, ಕೊನೇಲಿ ಅ ಇದೆ, ಯಾರದ್ದು ಏನು ಅಂತ ಹೇಳೋ ಪದಗಳು. ಕನ್ನಡದಲ್ಲಿ ಇವು ಬಂದ್ರೆ ಇಂಗ್ಲಿಷಲ್ಲಿ ಅಪಾಸ್ಟ್ರಫಿ, ಅಂದ್ರೆ ಅಕ್ಷರಗಳ ನಡುವೆ ಮೇಲ್ಗಡೆ ಹಾಕೋ ಪುಟ್ಟ ಕೊಂಬಿನಂಥ ಗುರುತು, ಇಲ್ಲ. ಅವರ ಅಂದ್ರೆ ಟಿ-ಎಚ್-ಇ-ಐ-ಆರ್, ನಿಮ್ಮ ಅಂದ್ರೆ ವೈ-ಓ-ಯು-ಆರ್, ಅದರ ಅಂದ್ರೆ ಐ-ಟಿ-ಎಸ್, ಯಾರ ಅಂದ್ರೆ ಡಬ್ಲ್ಯೂ-ಎಚ್-ಓ-ಎಸ್-ಇ. ಎಲ್ಲೂ ಮೇಲೆ ಕೊಂಬಿಲ್ಲ.

ಅವರು, ನೀವು, ಅದು, ಯಾರು. ಇವು ಪ್ರಥಮಾ ವಿಭಕ್ತಿ, ಕೊನೇಲಿ ಉ ಇದೆ, ಕೆಲಸ ಮಾಡೋ ಕರ್ತೃ. ಕನ್ನಡದಲ್ಲಿ ಇವು ಬಂದು ಇಂಗ್ಲಿಷಲ್ಲಿ ಹಿಂದೇನೇ ಆರ್, ಈಸ್ ಅಥವಾ ಹ್ಯಾಸ್ ಅಂಟ್ಕೊಂಡಿದ್ರೆ ಅಪಾಸ್ಟ್ರಫಿ ಬೇಕು, ಯಾಕಂದ್ರೆ ಅದು ಎರಡು ಪದ ಕೂಡಿದ್ದು, ನಡುವೆ ಬಿಟ್ಟುಹೋದ ಅಕ್ಷರದ ಜಾಗದಲ್ಲಿ ಆ ಗುರುತು ಕೂರುತ್ತೆ. ಅವರು ಬರ್ತಿದ್ದಾರೆ ಅನ್ನೋಕೆ ಟಿ-ಎಚ್-ಇ-ವೈ, ಅಪಾಸ್ಟ್ರಫಿ, ಆರ್-ಇ. ಅದು ಚೆನ್ನಾಗಿದೆ ಅನ್ನೋಕೆ ಐ-ಟಿ, ಅಪಾಸ್ಟ್ರಫಿ, ಎಸ್. ಯಾರು ಬಂದಿದ್ದಾರೆ ಅನ್ನೋಕೆ ಡಬ್ಲ್ಯೂ-ಎಚ್-ಓ, ಅಪಾಸ್ಟ್ರಫಿ, ಎಸ್, ಇಲ್ಲಿ ಕುಗ್ಗಿರೋದು ಹ್ಯಾಸ್. ನೀವು ಸರಿ ಅನ್ನೋಕೆ ವೈ-ಓ-ಯು, ಅಪಾಸ್ಟ್ರಫಿ, ಆರ್-ಇ.

ಒಂದೇ ಒಂದು ತೊಡಕು ಏನಂದ್ರೆ ನಾವು ಮಾತಾಡುವಾಗ ಅವರು ಅನ್ನೋದನ್ನ ಅವ್ರು, ಅವ್ರ್ ಅಂತ ನುಂಗಿಬಿಡ್ತೀವಿ, ಆಗ ಅ ಇತ್ತಾ ಉ ಇತ್ತಾ ಗೊತ್ತಾಗಲ್ಲ. ಪರೀಕ್ಷೆ ಮಾಡೋವಾಗ ಮಾತ್ರ ಪೂರ್ತಿ ಪದ ಹೇಳ್ಕೊಳ್ಳಿ. ಈ ಒಂದು ಉಪಾಯ ಗೊತ್ತಾದ ಮೇಲೆ ನನ್ನ ಹತ್ರ ಬರೋ ಎಷ್ಟೋ ಜನ, ಇಂಗ್ಲಿಷ್ ಗ್ರಾಮರ್ ಅಂದ್ರೆ ಹಿಂದೆ ಸರೀತಿದ್ದವರು, ಒಂದೇ ವಾರದಲ್ಲಿ ಈ ತಪ್ಪಿಂದ ಹೊರಗೆ ಬಂದಿದ್ದಾರೆ, ಅದು ನೋಡೋಕೆ ನಿಜವಾಗ್ಲೂ ಖುಷಿ.

ಹೆಸರುಗಳ ವಿಷಯ ಬೇರೆ. ಸೀತೆಯ ಪುಸ್ತಕ ಅನ್ನೋವಾಗ ಇಂಗ್ಲಿಷಲ್ಲಿ ಸೀತಾ ಆದ್ಮೇಲೆ ಅಪಾಸ್ಟ್ರಫಿ ಎಸ್ ಹಾಕ್ತೀವಲ್ಲ, ಅದನ್ನ ನೋಡಿ ನೋಡಿಯೇ ಅದರ ಅನ್ನೋದಕ್ಕೂ ಕೈ ತಾನಾಗೇ ಅಪಾಸ್ಟ್ರಫಿ ಹಾಕಿಬಿಡೋದು. ನಾಮಪದಕ್ಕೆ ಉಂಟು; 'ಅದು', 'ಅವರು', 'ನೀವು' ಥರದ ಸರ್ವನಾಮಕ್ಕೆ ಇಲ್ಲ.

ಉಳಿದ ಚಿಕ್ಕವುಗಳನ್ನೂ ಕನ್ನಡದಲ್ಲೇ ತೂಗಿ. ಅಲ್ಲಿ ಅನ್ನೋ ಅರ್ಥ, ಇಲ್ಲಾ ಒಂದು ಇದೆ, ಇಬ್ಬರು ಇದ್ದಾರೆ ಅಂತ ವಾಕ್ಯ ಶುರುಮಾಡೋ ದೇರ್ ಆದ್ರೆ ಟಿ-ಎಚ್-ಇ-ಆರ್-ಇ. ಅದರ ಹೊಟ್ಟೇಲಿ ಎಚ್-ಇ-ಆರ್-ಇ, ಅಂದ್ರೆ ಇಲ್ಲಿ ಅನ್ನೋದು ಕೂತಿದೆ ನೋಡಿ, ಎಲ್ಲಿ ಅನ್ನೋ ವೇರ್‌ನ ಹೊಟ್ಟೇಲೂ ಅದೇ ಇದೆ, ಇಲ್ಲಿ ಅಲ್ಲಿ ಎಲ್ಲಿ ಮೂರೂ ಒಂದೇ ಮನೆಯವು. ಟು ಅನ್ನೋದಕ್ಕೆ ಕನ್ನಡದಲ್ಲಿ ಗೆ, ಕ್ಕೆ ಬಂದ್ರೆ ಟಿ-ಓ. ಕೂಡ ಅಥವಾ ಬೇಕಾದ್ದಕ್ಕಿಂತ ಜಾಸ್ತಿ ಅಂತ ಬಂದ್ರೆ ಟಿ-ಓ-ಓ, ಜಾಸ್ತಿ ಅನ್ನೋ ಪದಕ್ಕೆ ಓ ಕೂಡ ಒಂದು ಜಾಸ್ತಿ. ಎರಡು ಅಂತ ಬಂದ್ರೆ ಟಿ-ಡಬ್ಲ್ಯೂ-ಓ. ಗಿಂತ ಅಂತ ಬಂದ್ರೆ ದ್ಯಾನ್, ಎ ಇರೋದು, ಆಮೇಲೆ ಅಥವಾ ಆಗ ಅಂತ ಬಂದ್ರೆ ದೆನ್, ಇ ಇರೋದು. ಇವೆರಡು ಪೂರ್ತಿ ಒಂದೇ ಸದ್ದಲ್ಲ, ಆದ್ರೆ ವೇಗದ ಮಾತಲ್ಲಿ ಹಾಗೇ ಕೇಳಿಸುತ್ತೆ.

ಹೆಜ್ಜೆ 3: ಪ್ರತಿ ಪದಕ್ಕೂ ಒಬ್ಬ ನೆಂಟನನ್ನ ಹುಡುಕಿ

ಟಿ-ಡಬ್ಲ್ಯೂ-ಓ ಅನ್ನೋದ್ರಲ್ಲಿ ಬಾಯಿಗೆ ಬಾರದ ಡಬ್ಲ್ಯೂ ಯಾಕಿದೆ? ಟ್ವಿನ್ (ಅವಳಿ), ಟ್ವೆಲ್ವ್ (ಹನ್ನೆರಡು), ಟ್ವೆಂಟಿ (ಇಪ್ಪತ್ತು), ಟ್ವೈಸ್ (ಎರಡು ಸಲ), ಇವೆಲ್ಲ ಎರಡರ ನೆಂಟರು, ಇವುಗಳಲ್ಲಿ ಡಬ್ಲ್ಯೂ ಬಾಯಿಗೂ ಬರುತ್ತೆ. ನೆಂಟರ ನೆನಪಿದ್ರೆ ಡಬ್ಲ್ಯೂ ಮರೆಯಲ್ಲ. ಎಚ್-ಇ-ಎ-ಆರ್, ಕೇಳಿಸ್ಕೊ ಅನ್ನೋದ್ರ ಒಳಗೆ ಇ-ಎ-ಆರ್, ಕಿವಿ ಇದೆ. ಎಚ್-ಇ-ಎ-ಎಲ್ ಅಂದ್ರೆ ಗಾಯ ಮಾಯು, ಅದರ ನೆಂಟ ಹೆಲ್ತ್. ಹಿಮ್ಮಡಿ ಅನ್ನೋ ಹೀಲ್‌ಗೆ ಎರಡು ಇ.

ಸ್ಟೇಷನರಿ ಜೋಡೀಲಿ ತಪ್ಪದೇ ಇರೋರೇ ಕಮ್ಮಿ. ನಿಂತಲ್ಲೇ ನಿಂತಿರೋದು ಅನ್ನೋದಕ್ಕೆ ಕೊನೇಲಿ ಎ-ಆರ್-ವೈ, ಪೆನ್ನು ಕಾಗದದ ಸಾಮಾನಿಗೆ ಇ-ಆರ್-ವೈ. ಎರಡೂ ಒಂದೇ ಲ್ಯಾಟಿನ್ ಬೇರಿಂದ ಬಂದವು, ಊರೂರು ಅಲೀತಾ ಮಾರೋರ ನಡುವೆ ಒಂದೇ ಜಾಗದಲ್ಲಿ ಅಂಗಡಿ ಇಟ್ಕೊಂಡು ಕೂತ ಪುಸ್ತಕ ವ್ಯಾಪಾರಿಗೆ ಸ್ಟೇಷನರ್ ಅಂತ ಹೆಸರು ಬಂತು, ಅವನು ಮಾರೋ ಸಾಮಾನು ಸ್ಟೇಷನರಿ ಆಯ್ತು. ಸ್ಟೇಷನರ್ ಇ-ಆರ್ ಇಂದ ಮುಗಿಯುತ್ತೆ, ಅದಕ್ಕೆ ವೈ ಸೇರಿಸಿ, ಮುಗೀತು. ಪೆನ್, ಪೇಪರ್, ಲೆಟರ್ ಎಲ್ಲದರಲ್ಲೂ ಇ ಇದೆ, ಅದೂ ನೆನಪಿಗೆ ಒಳ್ಳೇದೇ.

ಕೆಲವು ಸಲ ನೆಂಟ ಕನ್ನಡದಲ್ಲೇ ಸಿಗ್ತಾನೆ, ನನಗೆ ಅದು ತುಂಬಾ ಇಷ್ಟ. ಕಾಲೇಜಿನ ಮುಖ್ಯಸ್ಥರಿಗೆ ನಾವು ಪ್ರಾಂಶುಪಾಲರು ಅಂತೀವಿ, ಆಡುಮಾತಲ್ಲಿ ಪ್ರಿನ್ಸಿಪಾಲ್ ಅಂತೀವಿ, ಎರಡರಲ್ಲೂ ಪಾಲ ಇದೆ, ಅದಕ್ಕೇ ಪಿ-ಎ-ಎಲ್. ಮುಖ್ಯವಾದದ್ದು ಅನ್ನೋ ಅರ್ಥಕ್ಕೂ, ಸಾಲದ ಅಸಲಿಗೂ ಇದೇ ಸ್ಪೆಲಿಂಗ್. ತತ್ವ, ನಿಯಮ ಅನ್ನೋದಕ್ಕೆ ಮಾತ್ರ ಪಿ-ಎಲ್-ಇ. ಇನ್ನು ಮೊದಲು ಹೇಳಿದ ಬಿ-ಎ-ಆರ್-ಇ, ಅದನ್ನ ನಮ್ಮ ಬರಿ ಅಂತಾನೇ ಓದ್ಕೊಳ್ಳಿ. ಬೇರ್‌ಫುಟ್ ಅಂದ್ರೆ ಬರಿಗಾಲು, ಬೇರ್ ಹ್ಯಾಂಡ್ಸ್ ಅಂದ್ರೆ ಬರಿಗೈ. ಇವೆರಡೂ ಒಂದೇ ಬೇರಿನ ಪದಗಳಲ್ಲ, ಸುಮ್ಮನೆ ಹೋಲಿಕೆ, ಆದ್ರೆ ನೆನಪಿಟ್ಕೊಳ್ಳೋಕೆ ಅಷ್ಟು ಸಾಕು. ಆ ಹುಡುಗಿಗೆ ಇದನ್ನ ಹೇಳಿದ ದಿನ "ಇನ್ನು ಮರೆಯಲ್ಲ ಸರ್" ಅಂದ್ಲು, ಮರೆತಿಲ್ಲ.

ಕಾಂಪ್ಲಿಮೆಂಟ್ ಜೋಡಿ ಹೀಗೆ: ನಡುವೆ ಇ ಇರೋದು ಪೂರ್ತಿ ಮಾಡೋದು, ಕಂಪ್ಲೀಟ್ ಅನ್ನೋದರ ನೆಂಟ, ಅದರಲ್ಲೂ ಅದೇ ಜಾಗದಲ್ಲಿ ಇ ಇದೆ. ನಡುವೆ ಐ ಇರೋದು ಹೊಗಳಿಕೆ. ಡಿಸ್ಕ್ರೀಟ್ ಜೋಡೀಲಿ ಗುಟ್ಟು ಕಾಪಾಡೋ ಎಚ್ಚರದವನಿಗೆ ಎರಡು ಇ ಪಕ್ಕಪಕ್ಕ, ಬಿಡಿಬಿಡಿಯಾದದ್ದು ಅನ್ನೋದಕ್ಕೆ ಎರಡು ಇ ನಡುವೆ ಟಿ ಬಂದು ಬಿಡಿ ಮಾಡಿದೆ. ಪೀಸ್ ಜೋಡೀಲಿ ಶಾಂತಿಗೆ ಪಿ-ಇ-ಎ-ಸಿ-ಇ, ತುಂಡಿಗೆ ಪಿ-ಐ-ಇ-ಸಿ-ಇ. ಹಿಟ್ಟು ಮತ್ತು ಹೂವು ಅನ್ನೋ ಎರಡು ಫ್ಲವರ್‌ಗಳು ಮೂಲದಲ್ಲಿ ಒಂದೇ ಪದ, ಬೀಸಿದ್ದರಲ್ಲಿ ನಯವಾದ ಒಳ್ಳೇ ಭಾಗವನ್ನ ಹೂವು ಅಂತ ಕರೀತಿದ್ರು, ಸ್ಪೆಲಿಂಗ್ ಆಮೇಲೆ ಬೇರೆ ಆಯ್ತು: ಹಿಟ್ಟಿಗೆ ಓ-ಯು-ಆರ್, ಹೂವಿಗೆ ಓ-ಡಬ್ಲ್ಯೂ-ಇ-ಆರ್.

ಒಂದೇ ಸದ್ದು, ಪೂರ್ತಿ ಉಲ್ಟಾ ಅರ್ಥ ಇರೋ ಜೋಡೀನೂ ಇದೆ. ಆರ್-ಎ-ಐ-ಎಸ್-ಇ ಅಂದ್ರೆ ಎತ್ತು, ಮೇಲೆಬ್ಬಿಸು. ಆರ್-ಎ-ಜೆಡ್-ಇ ಅಂದ್ರೆ ನೆಲಸಮ ಮಾಡು. ಕಟ್ಟಡದ ವಿಷಯ ಬರೆಯುವಾಗ ಇಲ್ಲಿ ಸ್ಪೆಲಿಂಗ್ ತಪ್ಪಿದ್ರೆ ಕಟ್ಟಿದ್ದು ಕೆಡವಿದಂತೆ ಆಗುತ್ತೆ, ಹುಷಾರು.

ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್ ಅನ್ನೋ ಬ್ರಿಟಿಷ್ ರೂಢಿಗೂ ಒಂದು ನೆಂಟ ಇದೆ: ಅಡ್ವೈಸ್. ಸಲಹೆ ಅನ್ನೋದಕ್ಕೆ ಸಿ, ಸಲಹೆ ಕೊಡು ಅನ್ನೋದಕ್ಕೆ ಎಸ್, ಇದರಲ್ಲಿ ಸದ್ದೂ ಬೇರೆ, ಎಸ್ ಇರೋದು ಅಡ್ವೈಜ಼್ ಅಂತ ಬರುತ್ತೆ. ಪ್ರಾಕ್ಟೀಸ್, ಲೈಸೆನ್ಸ್ ಎರಡರಲ್ಲೂ ಸದ್ದು ಬದಲಾಗಲ್ಲ, ಆದ್ರೆ ನಿಯಮ ಅದೇ. ಅಮೆರಿಕನ್ನರು ಪ್ರಾಕ್ಟೀಸ್ ಎರಡಕ್ಕೂ ಸಿ, ಲೈಸೆನ್ಸ್ ಎರಡಕ್ಕೂ ಎಸ್ ಬಳಸ್ತಾರೆ, ಯಾರಿಗೆ ಬರೀತಿದ್ದೀರೋ ನೋಡ್ಕೊಂಡು ಒಂದೇ ರೂಢಿ ಹಿಡೀರಿ. ಅಫೆಕ್ಟ್ ಮತ್ತು ಇಫೆಕ್ಟ್‌ಗೂ ಕನ್ನಡ ಸಾಕು: ಪರಿಣಾಮ ಬೀರು ಅಂದ್ರೆ ಎ, ಪರಿಣಾಮ ಅಂದ್ರೆ ಇ. ಅಪರೂಪಕ್ಕೆ ಇ ಇರೋದು ಕ್ರಿಯಾಪದವಾಗಿ ಜಾರಿಗೆ ತರು ಅನ್ನೋ ಅರ್ಥದಲ್ಲಿ ಬರುತ್ತೆ, ಅದನ್ನ ಓದುವಾಗ ಗುರುತಿಸಿದ್ರೆ ಸಾಕು.

ಹೆಜ್ಜೆ 4: ನಮ್ಮ ಬಾಯಲ್ಲಿ ಮಾತ್ರ ಒಂದಾಗೋ ಪದಗಳು

ನಮ್ಮ ವ ಅನ್ನೋದು ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಎರಡರ ನಡುವೆ ಎಲ್ಲೋ ಇರೋ ಸದ್ದು. ವಿ ಹೇಳೋಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ದುಂಬಿ ಥರ ಝೇಂಕಾರ ತುಟೀಲಿ ಗೊತ್ತಾಗ್ಬೇಕು. ಡಬ್ಲ್ಯೂ ಹೇಳೋಕೆ ಹಲ್ಲು ಎಲ್ಲೂ ತಾಗಬಾರದು, ಊ ಅನ್ನೋಕೆ ಹೊರಟ ಹಾಗೆ ತುಟಿ ದುಂಡಗೆ ಮಾಡಿ ಅಲ್ಲಿಂದ ಬಾಯಿ ತೆರೀಬೇಕು. ಕನ್ನಡಿ ಮುಂದೆ ನಿಂತು ವೆಟ್ (ಪಶುವೈದ್ಯ), ಉಎಟ್ (ಒದ್ದೆ) ಅಂತ ಹತ್ತು ಸಲ ಹೇಳಿ ನೋಡಿ, ತುಟಿ ಎರಡು ಥರ ಕಾಣ್ಬೇಕು, ಒಂದೇ ಥರ ಕಂಡ್ರೆ ಇನ್ನೂ ಆಗಿಲ್ಲ ಅಂತ.

ಎಸ್ ಮತ್ತು ಜೆಡ್ ಇದಕ್ಕಿಂತ ಮುಖ್ಯ. ಎಲ್-ಓ-ಎಸ್-ಇ ಅಂದ್ರೆ ಕಳ್ಕೊ, ಎಲ್-ಓ-ಓ-ಎಸ್-ಇ ಅಂದ್ರೆ ಸಡಿಲ. ನಾವು ಎರಡನ್ನೂ ಲೂಸ್ ಅಂದುಬಿಡ್ತೀವಿ, ಅದಕ್ಕೇ ಬರೆಯುವಾಗ್ಲೂ ತಪ್ಪುತ್ತೆ. ಕಳ್ಕೊಳ್ಳೋದು ಲೂಜ಼್, ಅದರಲ್ಲಿ ಒಂದು ಓ ಕಳೆದುಹೋಗಿದೆ. ಸಡಿಲ ಇರೋದಕ್ಕೆ ಜಾಗ ಜಾಸ್ತಿ, ಎರಡು ಓ. ಬೆಲೆ ಪ್ರೈಸ್, ಬಹುಮಾನ ಪ್ರೈಜ಼್. ಮಂಜುಗಡ್ಡೆ ಐಸ್, ಕಣ್ಣುಗಳು ಐಜ಼್. ಇವು ಯಾವುವೂ ಹೋಮೋಫೋನ್ ಅಲ್ಲ, ನಾವು ಹಾಗೆ ಮಾಡ್ಕೊಂಡಿರೋದು. ಗಂಟಲ ಮೇಲೆ ಬೆರಳಿಟ್ಟು ಹೇಳಿ, ಜ಼್ ಅನ್ನುವಾಗ ನಡುಕ ಇರುತ್ತೆ, ಸ್ ಅನ್ನುವಾಗ ಇರಲ್ಲ.

ಕನ್ನಡದಲ್ಲಿ ಪದದ ಮೊದಲು ಇ, ಎ ಬಂದ್ರೆ ನಮಗೆ ಗೊತ್ತಿಲ್ಲದೇ ಒಂದು ಯ್ ಸೇರುತ್ತೆ, ಎಲ್ಲಿ ಅನ್ನೋದು ಯೆಲ್ಲಿ ಆಗುತ್ತೆ. ಅದೇ ಅಭ್ಯಾಸಕ್ಕೆ ಕಿವಿ ಅನ್ನೋ ಇಯರ್, ವರ್ಷ ಅನ್ನೋ ಯಿಯರ್ ಎರಡೂ ಬೆರೆತುಹೋಗ್ತವೆ, ಈಸ್ಟ್ ದಿಕ್ಕು ಹೋಗಿ ಹಿಟ್ಟು ಹುದುಗಿಸೋ ಯೀಸ್ಟ್ ಆಗುತ್ತೆ. ಕೆಲವರ ಆಡುಮಾತಲ್ಲಿ ಹ ಅನ್ನೋದು ಅ ಆಗುತ್ತೆ, ಅವರಿಗೆ ಹಾರ್ಟ್ ಮತ್ತು ಆರ್ಟ್, ಹೇರ್ ಮತ್ತು ಏರ್ ಒಂದೇ. ಆದ್ರೆ ನೋಡಿ, ವಾರಸುದಾರ ಅನ್ನೋ ಎಚ್-ಇ-ಐ-ಆರ್ ಪದದಲ್ಲಿ ಇಂಗ್ಲಿಷಿನವರೇ ಎಚ್ ಹೇಳಲ್ಲ, ಅದು ಗಾಳಿ ಅನ್ನೋ ಏರ್ ಥರಾನೇ. ಅವರ್ (ಗಂಟೆ), ಆನೆಸ್ಟ್ ಕೂಡ ಹಾಗೇ.

ಇನ್ನೊಂದು ಒತ್ತು. ಕನ್ನಡದಲ್ಲಿ ಪದದ ಯಾವ ಭಾಗ ಒತ್ತಿ ಹೇಳಿದ್ರೂ ಅರ್ಥ ಬದಲಾಗಲ್ಲ, ಇಂಗ್ಲಿಷಲ್ಲಿ ಬದಲಾಗುತ್ತೆ. ಸ್ವಂತದ್ದು ಅನ್ನೋ ಪರ್ಸನಲ್‌ನಲ್ಲಿ ಒತ್ತು ಮೊದಲ ಪರ್ ಮೇಲೆ, ಸಿಬ್ಬಂದಿ ಅನ್ನೋ ಪರ್ಸನೆಲ್‌ನಲ್ಲಿ ಕೊನೆಯ ನೆಲ್ ಮೇಲೆ. ಮರುಭೂಮಿ ಡೆಸರ್ಟ್‌ಗೆ ಒತ್ತು ಮೊದಲಲ್ಲಿ, ಊಟದ ಕೊನೆಯ ಸಿಹಿ ಡಿಸರ್ಟ್‌ಗೆ ಕೊನೇಲಿ, ಅದಕ್ಕೆ ಎಸ್ ಕೂಡ ಎರಡು.

ಹೆಜ್ಜೆ 5: ಸ್ಪೆಲಿಂಗ್ ಒಂದೇ ಇದ್ದು ಸದ್ದು ಬದಲಾಗೋವು

ಇದು ಮೇಲಿನದಕ್ಕೆ ತಲೆಕೆಳಗು, ಹೆಚ್ಚಾಗಿ ಓದುವಾಗ ತೊಂದರೆ ಕೊಡುತ್ತೆ. ಆರ್-ಇ-ಎ-ಡಿ ಈಗ ಓದೋದಾದ್ರೆ ರೀಡ್, ಆಗಲೇ ಓದಿದ್ದಾದ್ರೆ ರೆಡ್. ಇದನ್ನ ನೋಡಿ ಎಲ್-ಇ-ಎ-ಡಿ ಕೂಡ ಹಾಗೇ ಅಂದ್ಕೊಂಡು ಮುನ್ನಡೆಸಿದ ಅನ್ನೋದಕ್ಕೂ ಅದೇ ಬರೆದುಬಿಡ್ತಾರೆ. ಅಲ್ಲ, ಮುನ್ನಡೆಸಿದ ಅನ್ನೋದು ಎಲ್-ಇ-ಡಿ. ಎಲ್-ಇ-ಎ-ಡಿ ಅನ್ನೋದನ್ನ ಲೆಡ್ ಅಂತ ಓದಿದ್ರೆ ಅದು ಸೀಸ, ಲೋಹ. ಕಣ್ಣೀರಿನ ಟಿಯರ್ ಮತ್ತು ಹರಿಯೋ ಟೇರ್, ಗಾಳಿ ವಿಂಡ್ ಮತ್ತು ಸುತ್ತೋ ವೈಂಡ್, ನಿಮಿಷದ ಮಿನಿಟ್ ಮತ್ತು ಅತಿ ಸಣ್ಣ ಅನ್ನೋ ಮೈನ್ಯೂಟ್, ಎಲ್ಲ ಒಂದೇ ಸ್ಪೆಲಿಂಗ್. ರೆಕಾರ್ಡ್, ಪ್ರೆಸೆಂಟ್, ಆಬ್ಜೆಕ್ಟ್ ಥರದವಕ್ಕೆ ಮಾತ್ರ ಒಂದು ಸೂತ್ರ ಇದೆ, ನಾಮಪದ ಆದ್ರೆ ಒತ್ತು ಮುಂದೆ, ಕ್ರಿಯಾಪದ ಆದ್ರೆ ಹಿಂದೆ.

ಸ್ಪೆಲಿಂಗೂ ಒಂದೇ ಸದ್ದೂ ಒಂದೇ ಇರೋ ಬ್ಯಾಟ್ (ದಾಂಡು, ಬಾವಲಿ), ಬ್ಯಾಂಕ್ (ಹಣದ್ದು, ನದಿಯ ದಂಡೆ) ಇವುಗಳ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಮ್ಮಲ್ಲೂ ನಾನಾರ್ಥ ಪದಗಳು ಬೇಕಾದಷ್ಟಿವೆ: ಹತ್ತು ಅಂದ್ರೆ ಸಂಖ್ಯೆ, ಮೇಲೇರು, ಬೇಡ ಅಂದ್ರೆ ಒಲ್ಲೆ, ಬೇಟೆಗಾರ, ನೆರೆ ಅಂದ್ರೆ ಪ್ರವಾಹ, ಪಕ್ಕದ ಮನೆ, ನರೆತ ಕೂದಲು. ಯಾರೂ ಇವುಗಳಲ್ಲಿ ಎಡವಲ್ಲ, ವಾಕ್ಯವೇ ಅರ್ಥ ಹೇಳುತ್ತೆ.

ಹೆಜ್ಜೆ 6: ಬರೆದಾದ ಮೇಲೆ ತಿದ್ದೋ ವಿಧಾನ

ಬರೆಯುವಾಗ್ಲೇ ಎಲ್ಲ ಸರಿ ಬರ್ಬೇಕು ಅಂತ ಕೂತ್ರೆ ಬರೆಯೋಕೇ ಆಗಲ್ಲ, ತಿದ್ದೋದಕ್ಕೆ ಬೇರೆ ಸಮಯ ಇಡಿ. ಜೋರಾಗಿ ಓದಿ ತಿದ್ದೋದು ಬಿಟ್ಟುಹೋದ ಪದ ಹಿಡಿಯೋಕೆ ಒಳ್ಳೇದು, ಈ ತಪ್ಪಿಗೆ ಮಾತ್ರ ಉಪಯೋಗ ಇಲ್ಲ, ಎರಡೂ ಒಂದೇ ಥರ ಕೇಳಿಸುತ್ತಲ್ಲ. ಕಂಪ್ಯೂಟರ್ ಕೈಲಿ ಓದಿಸಿದ್ರೂ ಅಷ್ಟೇ. ಮಾತಾಡಿ ಟೈಪ್ ಮಾಡಿಸೋ ಸೌಲಭ್ಯ ಬಳಸೋರು ಇನ್ನೂ ಜಾಸ್ತಿ ನೋಡ್ಕೋಬೇಕು, ಅದು ಸದ್ದು ಕೇಳಿ ಸ್ಪೆಲಿಂಗ್ ಊಹಿಸುತ್ತೆ.

ನಾನು ಹೇಳ್ಕೊಡೋದು ಇದು. ನಿಮ್ಮ ಹಳೇ ಬರಹ ತೆಗೆದು ನೀವು ನಿಜವಾಗಿ ತಪ್ಪಿರೋ ಐದಾರು ಪದ ಮಾತ್ರ ಒಂದು ಚೀಟೀಲಿ ಬರ್ಕೊಳ್ಳಿ, ಪ್ರತಿಯೊಬ್ಬರ ಚೀಟಿ ಬೇರೆ ಇರುತ್ತೆ. ಹೊಸದು ಬರೆದ ಮೇಲೆ ಫೈಂಡ್ ಒತ್ತಿ ಆ ಪದಗಳನ್ನ ಒಂದೊಂದಾಗಿ ಹುಡುಕಿ, ಜೋಡಿಯ ಎರಡೂ ಸ್ಪೆಲಿಂಗ್ ಹುಡುಕಿ, ಸಿಕ್ಕ ಕಡೆಯಲ್ಲೆಲ್ಲ ನಿಂತು ಕನ್ನಡದ ಅರ್ಥ ಹಾಕಿ ನೋಡಿ. ತಪ್ಪು ಸಿಕ್ರೆ ಆ ಸರಿಯಾದ ಪದ ಒಂದನ್ನೇ ಹಾಕಿ, ನಿಮ್ಮ ಜೀವನಕ್ಕೆ ಸೇರಿದ ಒಂದು ವಾಕ್ಯ ಬರೀರಿ, ಅದರ ಜೊತೆಗಾರನನ್ನ ಅದೇ ಪುಟದಲ್ಲಿ ಬರೀಬೇಡಿ. ಒಂದು ತಿಂಗಳು ತಪ್ಪದೇ ಇದ್ದ ಪದವನ್ನ ಚೀಟಿಯಿಂದ ಹೊಡೆದುಹಾಕಿ.

ಹೆಜ್ಜೆ 7: ಈಗ ನಿಮ್ಮ ಕೈ

ಕೆಳಗಿನ ವಾಕ್ಯಗಳನ್ನ ಯಾರಿಂದಾದ್ರೂ ಓದಿಸ್ಕೊಂಡು ಇಂಗ್ಲಿಷಲ್ಲಿ ಬರೀರಿ, ಆಮೇಲೆ ಉತ್ತರ ನೋಡಿ.

ದೇರ್ ಗೋಯಿಂಗ್ ಟು ಲೀವ್ ದೇರ್ ಬ್ಯಾಗ್ಸ್ ದೇರ್.
ಇಟ್ಸ್ ಎ ಪಿಟಿ ದ ಬರ್ಡ್ ಹರ್ಟ್ ಇಟ್ಸ್ ವಿಂಗ್.
ಐ ನೋ ದೇರ್ ಈಸ್ ನೋ ರೈಟ್ ವೇ ಟು ರೈಟ್ ದಿಸ್.
ಹೂಸ್ ಕಮಿಂಗ್, ಅಂಡ್ ಹೂಸ್ ಕಾರ್ ಈಸ್ ದಿಸ್?
ಶಿ ಲೆಡ್ ದ ಟೂ ಚಿಲ್ಡ್ರನ್ ಹೋಮ್, ಅಂಡ್ ಹಿ ಕೇಮ್ ಟೂ.

ಮೊದಲನೇದ್ರಲ್ಲಿ ಕ್ರಮವಾಗಿ ಅವರು, ಅವರ, ಅಲ್ಲಿ. ಅಂದ್ರೆ ಅಪಾಸ್ಟ್ರಫಿ ಇರೋದು, ಇ-ಐ-ಆರ್, ಇ-ಆರ್-ಇ. ಎರಡನೇದ್ರಲ್ಲಿ ಮೊದಲ ಇಟ್ಸ್‌ಗೆ ಅಪಾಸ್ಟ್ರಫಿ ಇದೆ, ಎರಡನೇದು ಅದರ ರೆಕ್ಕೆ, ಅದಕ್ಕಿಲ್ಲ. ಮೂರನೇದ್ರಲ್ಲಿ ಮೊದಲ ನೋ ಕೆ ಇಂದ, ದೇರ್ ಇ-ಆರ್-ಇ, ಎರಡನೇ ನೋ ಎರಡೇ ಅಕ್ಷರ, ಸರಿಯಾದ ಅನ್ನೋ ರೈಟ್‌ಗೆ ಐ-ಜಿ-ಎಚ್-ಟಿ, ದಾರಿಗೆ ಡಬ್ಲ್ಯೂ-ಎ-ವೈ, ಬರೆಯೋಕೆ ಡಬ್ಲ್ಯೂ-ಆರ್. ನಾಲ್ಕನೇದ್ರಲ್ಲಿ ಯಾರು ಆದ್ಮೇಲೆ ಯಾರ. ಐದನೇದ್ರಲ್ಲಿ ಎಲ್-ಇ-ಡಿ, ಆಮೇಲೆ ಡಬ್ಲ್ಯೂ ಇರೋ ಎರಡು, ಕೊನೇಲಿ ಎರಡು ಓ ಇರೋ ಕೂಡ. ತಪ್ಪಾದದ್ದು ಯಾವುದೋ ಅದು ನಿಮ್ಮ ಚೀಟಿಯ ಮೊದಲ ಸಾಲು.